ನಿದ್ದೆಯಲ್ಲಿನ ಕೈಕಾಲಿನ ಚಲನೆ ಮತ್ತು ಅಪಸ್ಮಾರ

ನಿದ್ದೆಯಲ್ಲಿ ಕೈಕಾಲು ತಾವಾಗಿ ಅದುರುವುದಕ್ಕೂ ಅಪಸ್ಮಾರಕ್ಕೂ ನಂಟಿದೆಯೇ ಎಂಬ ಪ್ರಶ್ನೆಗೆ ಬ್ರಿಟನ್ನಿನ ನರರೋಗ ತಜ್ಞ ಚಾರ್ಲ್ಸ್ ಸೈಮಂಡ್ಸ್ 1953ರಲ್ಲಿ ಹೌದೆಂಬ ಕಡೆಗೇ ವಾಲಿದರು. ರಾತ್ರಿಯ ಈ ಸೆಳೆತಕ್ಕೆ ಅವರು ನಾಕ್ಟರ್ನಲ್ ಮಯೋಕ್ಲೋನಸ್ ಎಂಬ ಹೆಸರಿಟ್ಟು, ಅದನ್ನು ಅಪಸ್ಮಾರದ ಬಗೆಯೆಂದು ಭಾವಿಸಿದ್ದರು. ನಿದ್ದೆಯನ್ನು ರಾತ್ರಿಯಿಡೀ ದಾಖಲಿಸುವ ರೂಢಿ ಇನ್ನೂ ಬೇರೂರಿರದ ಕಾಲದಲ್ಲಿ ಅದು ಸಕಾರಣವಾದ ಊಹೆಯೇ.

1960ರ ದಶಕದಲ್ಲಿ ಇಟಲಿಯ ಬೊಲೊನ್ಯಾದ ಎಲಿಯೊ ಲುಗಾರೇಸಿ ಮತ್ತು ಸಂಗಡಿಗರು ಮಿದುಳಿನ ವಿದ್ಯುತ್ ಅಲೆಗಳನ್ನೂ ಸ್ನಾಯುಗಳ ಚಟುವಟಿಕೆಯನ್ನೂ ಒಟ್ಟಿಗೆ ದಾಖಲಿಸಿದರು. ಹೆಬ್ಬೆರಳು ಚಾಚಿ ಪಾದ ಮೇಲಕ್ಕೆ ಬಾಗುವ ಚಲನೆ ಸಾಮಾನ್ಯವಾಗಿ 20ರಿಂದ 40 ಸೆಕೆಂಡಿಗೊಮ್ಮೆ ಮರುಕಳಿಸುತ್ತಿತ್ತು. ಅದರ ಜೊತೆಗೆ ಅಪಸ್ಮಾರದ ಅಲೆಗಳಿರಲಿಲ್ಲ. ಹೀಗೆ ಎರಡೂ ಬೇರೆಯಾದವು.

ವಿಷಯ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಈ ಇತಿಹಾಸದ ಸ್ವಾರಸ್ಯ. 1981ರಲ್ಲಿ ಅದೇ ಲುಗಾರೇಸಿ, ಸಹೋದ್ಯೋಗಿ ಚಿರಿನ್ಯೋತ್ತಾ ಜೊತೆಗೂಡಿ, ನಿದ್ದೆಯಲ್ಲೇ ಕೈಕಾಲುಗಳನ್ನು ಜೋರಾಗಿ ಬಡಿಯುವ, ಮೈ ತಿರುಚುವ ರೋಗಿಗಳನ್ನು ವರ್ಣಿಸಿ, ಇದು ಅಪಸ್ಮಾರವೋ ಹೊಸ ರೋಗವೋ ಎಂದು ಕೇಳಿದರು. ನೆತ್ತಿಯ ಮೇಲಿನ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಬಹುಪಾಲು ಮೌನವಾಗಿತ್ತು, ಏಕೆಂದರೆ ಮಿದುಳಿನ ಮುಂಭಾಗದ ಹಾಲೆಯ ಆಳದಲ್ಲಿ ಹುಟ್ಟುವ ವಿದ್ಯುತ್ ಸ್ಫೋಟ ಮೇಲ್ಮೈಗೆ ತಲುಪದಿರಬಹುದು. 1990ರ ಹೊತ್ತಿಗೆ ಅದು ಅಪಸ್ಮಾರವೆಂಬುದಕ್ಕೆ ಪುರಾವೆ ದೊರೆಯಿತು. 1995ರಲ್ಲಿ ಆಸ್ಟ್ರೇಲಿಯಾದ ಕುಟುಂಬವೊಂದರಲ್ಲಿ ಸಿಎಚ್‌ಆರ್‌ಎನ್‌ಎ4 ಜೀನಿನ ದೋಷ ಪತ್ತೆಯಾಗಿ, ಆನುವಂಶಿಕ ಕಾರಣವೂ ತಿಳಿಯಿತು. 2014ರಲ್ಲಿ ಬೊಲೊನ್ಯಾದಲ್ಲೇ ಸೇರಿದ ತಜ್ಞರು ಈ ರೋಗವನ್ನು ನಿದ್ರಾಸಂಬಂಧಿ ಹೈಪರ್‌ಮೋಟರ್ (ತೀವ್ರ ಚಲನೆಯ) ಅಪಸ್ಮಾರವೆಂದು ಕರೆಯಲು ಒಪ್ಪಿದರು.