ಹಿಂಗಾರದ ಇತಿಹಾಸ

ಅಮರಸಿಂಹನು ಮೊಗ್ಗಿಗೆ ಕಲಿಕಾ, ಕೋರಕ, ಕುಡ್ಮಲ, ಮುಕುಲ ಎಂದು ಹಲವು ಹೆಸರುಗಳನ್ನು ಹೇಳಿರುವನು. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಮನೆತನಗಳ ಏಳುಬೀಳುಗಳನ್ನು ನಿರ್ಣಯಿಸತಕ್ಕ ಮೊಗ್ಗಾದರೋ ಒಂದೇ. ಅದು ಕಂಗಿನ ಹಿಂಗಾರ. ತುಳುವರು ಅದನ್ನು ಪಿಂಗಾರವೆನ್ನುವರು.

ಹಣ್ಣಾದ ಸೋಗೆಯು ಹಾಳೆಸಮೇತ ಕಳಚಿಬಿದ್ದ ತರುವಾಯ ಕಾಂಡವನ್ನಪ್ಪಿಕೊಂಡಿರುವ ಕವಚವೊಂದು ಕಾಣಿಸುವುದು. ಅದು ಬಿರಿದಾಗ ಕವಲುಗಳ ತುದಿಯಲ್ಲಿ ಅಕ್ಕಿಯ ಕಾಳಿನಂತಹ ಗಂಡುಮೊಗ್ಗುಗಳು ಅಸಂಖ್ಯವಾಗಿಯೂ, ಬುಡದಲ್ಲಿ ದಪ್ಪನೆಯ ಹೆಣ್ಣುಮೊಗ್ಗುಗಳು ಕೆಲವಾಗಿಯೂ ಇರುವುವು. ಅಡಿಕೆಯಾಗತಕ್ಕವು ಈ ಕೆಲವೇ. ನಾಗನಿಗೂ ಭೂತಗಳಿಗೂ ಹಿಂಗಾರವು ಪ್ರಿಯವೆಂಬ ನಂಬಿಕೆ ನಾಡಿನಲ್ಲಿ ಬೇರೂರಿದೆ. ನಾಗದರ್ಶನದಲ್ಲಿ ಪಾತ್ರಿಯು ಹಿಡಿಯುವುದು ಇದನ್ನೇ. ಒಂದು ಹಿಂಗಾರವನ್ನು ಕೊಯ್ದರೆ ಒಂದು ಗೊನೆ ಹೋಯಿತು. ಈ ಲೆಕ್ಕವನ್ನರಿತೇ ಹಿರಿಯರು ಅದನ್ನು ಸಮರ್ಪಿಸುತ್ತ ಬಂದರು.

ಉಳಿದ ಗೊನೆಗಳಿಗೆ ಶತ್ರುವಾದುದು ಮಳೆಗಾಲದ ಕೊಳೆರೋಗ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಆ ರೋಗದ ಬೂಷ್ಟನ್ನು ಪರೀಕ್ಷಿಸಿ 1910ರಲ್ಲಿ ವಿವರಿಸಿದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಾತೋಟಗಳಿಗಾಗಿ ಮಿಲಾರ್ಡೆ ಎಂಬ ವಿದ್ವಾಂಸನು 1885ರಲ್ಲಿ ಪ್ರಕಟಪಡಿಸಿದ ಮೈಲುತುತ್ತ-ಸುಣ್ಣದ ದ್ರಾವಣವು ಹೀಗೆ ನಮ್ಮ ಕಂಗನ್ನೇರಿತು. 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಇಷ್ಟೇ ಅದರ ಪಾಕ. ಮಳೆಗೆ ಮುನ್ನ ‘ಮದ್ದು ಬಿಡುವುದು’ ಕೃಷಿಕರ ವಾರ್ಷಿಕ ವ್ರತವೇ ಆಯಿತು.

ಹಳದಿರೋಗಕ್ಕಾದರೋ ಆ ಮದ್ದು ನಾಟದು. 1914ರಲ್ಲಿ ಕೇರಳದೇಶದಲ್ಲಿ ಗುರುತಿಸಲ್ಪಟ್ಟ ಈ ವ್ಯಾಧಿಯು ಸುಳ್ಯದ ಸಂಪಾಜೆ, ಅರಂತೋಡುಗಳ ಕಡೆಯ ಎಷ್ಟೋ ತೋಟಗಳನ್ನು ಬರಿದುಮಾಡಿದೆ. ಗರಿಗಳು ಹಳದಿಯಾಗುವುವು, ತಿರುಳು ಕಪ್ಪಾಗುವುದು, ಫಸಲು ವರ್ಷವರ್ಷಕ್ಕೆ ಕುಂದುವುದು. ಅಡಿಕೆಯೊಂದನ್ನೇ ನಂಬಿದ ಸಂಸಾರಗಳು ದಿಕ್ಕುಗೆಟ್ಟಿವೆ.

ಆದರೆ ಅಂತಹ ತೋಟಗಳ ನಡುವೆಯೂ ಹಸುರಾಗಿ ನಿಂತ ಮರಗಳುಂಟು. ಅವುಗಳ ಬೀಜವನ್ನು ಬಿತ್ತಿದರೆ ಸಾಲದೆ? ಸಾಲದು. ಕಂಗಿನ ಪರಾಗವನ್ನು ಗಾಳಿಯು ಬೇರೆ ಮರಗಳಿಂದ ತರುವುದರಿಂದ ಸಸಿಗೆ ತಾಯಿಯ ಗುಣವೇ ಬರುವುದೆಂಬ ನಿಶ್ಚಯವಿಲ್ಲ. ಆದಕಾರಣ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಇನ್ನೂ ಬಿರಿಯದ ಎಳೆಯ ಹಿಂಗಾರದ ತುಣುಕುಗಳಿಂದಲೇ ಸಸಿಗಳನ್ನು ಪಡೆಯುವ ವಿಧಾನವನ್ನು ಸಾಧಿಸಿರುವರು. ಇದಕ್ಕೆ ಅಂಗಾಂಶಕೃಷಿಯೆಂದು ಹೆಸರು. ಹೀಗೆ ಹುಟ್ಟಿದ ಸಸಿಯಲ್ಲಿ ತಾಯಿಮರದ ಗುಣವನ್ನು ನಿರೀಕ್ಷಿಸಬಹುದು.

ದೈವಕ್ಕೆ ಹಿಂಗಾರವನ್ನೊಪ್ಪಿಸಿದಾಗ ಹಿರಿಯರು ಒಂದು ಗೊನೆಯ ನಷ್ಟವನ್ನು ನಷ್ಟವೆಂದು ಬಗೆಯಲಿಲ್ಲ. ಹಾಳಾದ ತೋಟದಲ್ಲಿ ಹಸುರುಳಿದ ಮರವನ್ನು ಕಡಿಯದೆ ಕಾಪಾಡಿ, ಅದರ ಹಿಂಗಾರವನ್ನು ಈ ಕಾರ್ಯಕ್ಕೆ ಬಿಟ್ಟುಕೊಡುವ ಕೃಷಿಕನೂ ಅದೇ ಧರ್ಮವನ್ನು ನಡೆಸುವನು. ಆ ಮೊಗ್ಗಿನ ಫಲವು ಅವನೊಬ್ಬನ ಅಂಗಳಕ್ಕೆ ಬಾರದಿರಬಹುದು, ಸೀಮೆಗೆ ಬಂದೀತು.