ಕನೆಕ್ಟಿಕಟ್ ಕಣಿವೆಯ ಡೈನೋಸಾರ್ ಹೆಜ್ಜೆಗುರುತುಗಳು

ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ರಾಜ್ಯಗಳಲ್ಲಿ, ಕನೆಕ್ಟಿಕಟ್ ನದಿಯ ಆಸುಪಾಸಿನ ಕಲ್ಲುಹಾಸುಗಳ ಮೇಲೆ ಉಳಿದಿರುವ ಸುಮಾರು 20 ಕೋಟಿ ವರ್ಷ ಹಳೆಯ ಹೆಜ್ಜೆಗುರುತುಗಳು. ಪಳೆಯುಳಿಕೆ ಹೆಜ್ಜೆಗಳ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆದದ್ದು ಬಹುಮಟ್ಟಿಗೆ ಈ ಕಣಿವೆಯಲ್ಲಿ. ಇಲ್ಲಿ ಹೆಜ್ಜೆಗಳು ಸಾವಿರಗಟ್ಟಲೆ ಇವೆ, ಮೂಳೆಗಳು ಮಾತ್ರ ತೀರ ವಿರಳ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು; ಸೂರು ಮುಟ್ಟುವ ಅಸ್ಥಿಪಂಜರವನ್ನು ನಿರೀಕ್ಷಿಸಿ ಬಂದ ಮಗು ಬರೀ ಕಲ್ಲು ಕಂಡು ಮುಖ ಸಣ್ಣ ಮಾಡೀತು.

ಟ್ರಯಾಸಿಕ್ ಯುಗದಲ್ಲಿ ಪ್ಯಾಂಜಿಯಾ ಮಹಾಖಂಡ ಬಿರಿಯತೊಡಗಿದಾಗ ಇಲ್ಲಿನ ನೆಲ ಕುಸಿದು ಉದ್ದನೆಯ ತಗ್ಗಾಯಿತು. ಸುತ್ತಲಿನ ಎತ್ತರದಿಂದ ಹೊಳೆಗಳು ಹೊತ್ತು ತಂದ ಮರಳು, ಮೆಕ್ಕಲು ಅದರಲ್ಲಿ ತುಂಬಿತು. ನಡುನಡುವೆ ಲಾವಾ ಹರಿದು ಬಸಾಲ್ಟ್ ಪದರಗಳಾದವು. ಮಳೆ ಚೆನ್ನಾಗಿ ಆದ ಕಾಲದಲ್ಲಿ ಸರೋವರಗಳು ಹಿಗ್ಗಿದವು, ಬರಗಾಲದಲ್ಲಿ ಬತ್ತಿದವು. ದಂಡೆಯ ಹದವಾದ ಕೆಸರಿನಲ್ಲಿ ಪ್ರಾಣಿ ನಡೆದು, ಅದರ ಹೆಜ್ಜೆ ಬಿಸಿಲಿಗೆ ಗಟ್ಟಿಯಾಗಿ, ಮುಂದಿನ ನೆರೆ ಅದರ ಮೇಲೆ ಹೊಸ ಮಣ್ಣು ಹೊದಿಸಿದಲ್ಲಿ ಗುರುತು ಉಳಿಯಿತು. ಹೆಜ್ಜೆಯ ಪಕ್ಕದಲ್ಲೇ ನೀರಿನ ಅಲೆಯ ಗೆರೆ, ಒಣಗಿದ ಕೆಸರಿನ ಬಿರುಕು, ಮಳೆಹನಿ ಬಿದ್ದ ಸಣ್ಣ ಗುಳಿಗಳೂ ಕೆಲವು ಕಲ್ಲುಗಳಲ್ಲಿ ಕಾಣುತ್ತವೆ.

ಇವನ್ನು ಮೊದಲು ಕಂಡವರು ವಿದ್ವಾಂಸರಲ್ಲ. 1802ರಲ್ಲಿ ಸೌತ್ ಹ್ಯಾಡ್ಲಿಯ ರೈತರ ಮನೆಯ ಹುಡುಗ ಪ್ಲೈನಿ ಮೂಡಿ ಹೊಲ ಉಳುವಾಗ ಮೂರು ಬೆರಳಿನ ಹೆಜ್ಜೆಗಳಿದ್ದ ಚಪ್ಪಡಿಯೊಂದು ಮೇಲೆದ್ದಿತು. ಅದು ಮನೆ ಬಾಗಿಲ ಮೆಟ್ಟಿಲಾಯಿತು. ಬೈಬಲಿನ ಪ್ರಳಯದ ಕಥೆಯಲ್ಲಿ ನೋಹ ಹಾರಿಬಿಟ್ಟ ಕಾಗೆಯ ಹೆಜ್ಜೆ ಎಂದು ಅದಕ್ಕೆ ಹೆಸರೂ ಬಿತ್ತು. 1835ರಲ್ಲಿ ಗ್ರೀನ್‌ಫೀಲ್ಡ್ ಊರಿನ ಕಾಲುದಾರಿಗೆ ಕಲ್ಲು ಹಾಸುತ್ತಿದ್ದಾಗ ಅಂಥವೇ ಗುರುತುಗಳು ಕೂಲಿಗಾರ ಡೆಕ್ಸ್ಟರ್ ಮಾರ್ಷ್ ಕಣ್ಣಿಗೆ ಬಿದ್ದವು. ಊರಿನ ವೈದ್ಯ ಜೇಮ್ಸ್ ಡೀನ್ ವಿಷಯವನ್ನು ಆಮ್‌ಹರ್ಸ್ಟ್ ಕಾಲೇಜಿನ ಪ್ರಾಧ್ಯಾಪಕ ಎಡ್ವರ್ಡ್ ಹಿಚ್‌ಕಾಕ್‌ಗೆ ಬರೆದು ತಿಳಿಸಿದ. ಶೋಧದ ಶ್ರೇಯ ಯಾರದೆಂದು ಮುಂದೆ ಡೀನ್‌ಗೂ ಹಿಚ್‌ಕಾಕ್‌ಗೂ ಜಗಳವೇ ನಡೆಯಿತು. ಮಾರ್ಷ್ ಮಾತ್ರ ನದಿಯುದ್ದಕ್ಕೂ ಅಲೆದು ಕಲ್ಲು ಕೂಡಿಸಿ ಮನೆಯಲ್ಲೇ ಸಂಗ್ರಹಾಲಯ ಮಾಡಿಕೊಂಡ.

ಹಿಚ್‌ಕಾಕ್ 1836ರಲ್ಲಿ ಮೊದಲ ಲೇಖನ ಪ್ರಕಟಿಸಿ, ಇವು ದೈತ್ಯ ಹಕ್ಕಿಗಳ ಹೆಜ್ಜೆಗಳೆಂದ. ಆಗ 'ಡೈನೋಸಾರ್' ಎಂಬ ಹೆಸರೇ ಹುಟ್ಟಿರಲಿಲ್ಲ. ಬ್ರಿಟನ್ನಿನ ರಿಚರ್ಡ್ ಓವನ್ ಅದನ್ನು ಕೊಟ್ಟದ್ದು 1842ರಲ್ಲಿ. ಹಿಚ್‌ಕಾಕ್ 1864ರಲ್ಲಿ ತೀರಿಕೊಳ್ಳುವವರೆಗೂ ತನ್ನ ಹಕ್ಕಿಗಳನ್ನು ಬಿಟ್ಟುಕೊಡಲಿಲ್ಲ. ಅದನ್ನು ಬರೀ ಹಟವೆನ್ನುವುದು ನ್ಯಾಯವಲ್ಲ. ಹಕ್ಕಿಗಳು ಡೈನೋಸಾರ್ ಸಂತತಿಯೇ ಎಂಬ ವಾದಕ್ಕೆ 1970ರ ದಶಕದಲ್ಲಿ ಮರುಜೀವ ಕೊಟ್ಟ ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್ ಇದೇ ಕಣಿವೆಯ ಹೆಜ್ಜೆಗಳನ್ನೂ ಅಳೆದವರು.

ಮೂಳೆಗಳ ಕಥೆ ಚಿಕ್ಕದು, ವಿಚಿತ್ರವಾದದ್ದು. 1818ರಲ್ಲಿ ಈಸ್ಟ್ ವಿಂಡ್ಸರ್‌ನಲ್ಲಿ ಬಾವಿಗಾಗಿ ಬಂಡೆ ಸಿಡಿಸುವಾಗ ಸಿಕ್ಕ ಮೂಳೆಗಳನ್ನು ಮನುಷ್ಯರದಿರಬಹುದು ಎಂದುಕೊಂಡಿದ್ದರು. 1880ರ ದಶಕದಲ್ಲಿ ಮ್ಯಾಂಚೆಸ್ಟರ್ ಊರಿನ ಕ್ವಾರಿಯಲ್ಲಿ ಒಂದು ಅಸ್ಥಿಪಂಜರದ ಹಿಂಭಾಗ ಸಿಕ್ಕಿತು. ಮುಂಭಾಗವಿದ್ದ ಕಲ್ಲು ಅಷ್ಟರಲ್ಲಿ ಸೇತುವೆಯೊಂದಕ್ಕೆ ಸೇರಿಹೋಗಿತ್ತು. 1969ರಲ್ಲಿ ಆ ಸೇತುವೆ ಕೆಡವಿದಾಗ ಆಸ್ಟ್ರಮ್ ಕಲ್ಲುಗಳನ್ನು ತಡಕಿ ಉಳಿದ ಕೆಲವು ಮೂಳೆಗಳನ್ನು ಪಡೆದರು. ಮೌಂಟ್ ಹೋಲಿಯೋಕ್ ಕಾಲೇಜಿನ ಪ್ರಾಧ್ಯಾಪಕಿ ಮಿನ್ಯಾನ್ ಟ್ಯಾಲ್ಬಟ್ 1910ರಲ್ಲಿ ಕಂಡು ಮರುವರ್ಷ ಪೊಡೊಕೆಸಾರಸ್ ಎಂದು ಹೆಸರಿಟ್ಟ ಪುಟ್ಟ ಡೈನೋಸಾರ್ ಕೆಲವೇ ವರ್ಷಗಳಲ್ಲಿ ಕಾಲೇಜಿನ ಬೆಂಕಿ ಅನಾಹುತದಲ್ಲಿ ನಾಶವಾಯಿತು, ಉಳಿದದ್ದು ಅಚ್ಚುಗಳು. ಮ್ಯಾಸಚೂಸೆಟ್ಸ್ 2022ರಲ್ಲಿ ಅದನ್ನೇ ರಾಜ್ಯದ ಡೈನೋಸಾರ್ ಎಂದು ಘೋಷಿಸಿತು.

ಯಾವ ಹೆಜ್ಜೆ ಯಾವ ಪ್ರಾಣಿಯದೆಂದು ಖಚಿತವಾಗಿ ಹೇಳಲಾಗದ ಕಾರಣ ಹೆಜ್ಜೆಗಳಿಗೇ ಪ್ರತ್ಯೇಕ ಹೆಸರುಗಳಿವೆ. ದೊಡ್ಡ ಮೂರು ಬೆರಳಿನದು ಯೂಬ್ರಾಂಟಿಸ್, ಸಣ್ಣದು ಗ್ರಲೇಟರ್. ಯೂಬ್ರಾಂಟಿಸ್ ಹೆಜ್ಜೆ ಇಟ್ಟದ್ದು ಅರಿಜೋನದಲ್ಲಿ ಸಿಕ್ಕ ಡೈಲೋಫೋಸಾರಸ್‌ನಂಥ ಮಾಂಸಾಹಾರಿಯಿರಬೇಕೆಂದು ಊಹೆ.

ಮಕ್ಕಳಿಗೆ ಎಲ್ಲಕ್ಕಿಂತ ಅನುಕೂಲದ ಜಾಗ ಕನೆಕ್ಟಿಕಟ್‌ನ ರಾಕಿ ಹಿಲ್‌ನಲ್ಲಿರುವ ಡೈನೋಸಾರ್ ಸ್ಟೇಟ್ ಪಾರ್ಕ್. 1966ರ ಆಗಸ್ಟ್‌ನಲ್ಲಿ ಸರ್ಕಾರಿ ಕಟ್ಟಡದ ತಳಪಾಯ ಅಗೆಯುತ್ತಿದ್ದ ಬುಲ್ಡೋಜರ್ ಚಾಲಕ ಎಡ್ವರ್ಡ್ ಮೆಕಾರ್ತಿ ಮಗುಚಿದ ಕಲ್ಲಿನಲ್ಲಿ ಹೆಜ್ಜೆ ಕಂಡ. ಅಗೆದಂತೆ ಸುಮಾರು 2,000 ಹೆಜ್ಜೆಗಳು ಹೊರಬಂದವು. ಹೆಚ್ಚಿನವನ್ನು ಗಾಳಿ ಮಳೆಯಿಂದ ಕಾಯಲು ಮತ್ತೆ ಮಣ್ಣಿನಲ್ಲೇ ಮುಚ್ಚಿದ್ದಾರೆ. ಸುಮಾರು 500 ಹೆಜ್ಜೆಗಳು ಗುಮ್ಮಟದಂಥ ಕಟ್ಟಡದೊಳಗೆ ಇದ್ದಲ್ಲೇ ಇವೆ. ಕೆಲವು ಹೆಜ್ಜೆಗಳಲ್ಲಿ ಉಗುರು ತುದಿಯ ಗೀರು ಮಾತ್ರ ಉಂಟು. ತೇಲುತ್ತ ಹೋದ ಪ್ರಾಣಿ ತಳಕ್ಕೆ ಕಾಲು ತಾಗಿಸಿದ ಗುರುತು ಇದೆಂದು ವಾಲ್ಟರ್ ಕೂಂಬ್ಸ್ 1980ರಲ್ಲಿ ವಾದಿಸಿದರು, ಎಲ್ಲರೂ ಒಪ್ಪಿಲ್ಲ.

ಹೋಲಿಯೋಕ್ ಬಳಿ ಹೆದ್ದಾರಿ ಪಕ್ಕದ ಇಳಿಜಾರು ಬಂಡೆಯ ಮೇಲೆ 130ಕ್ಕೂ ಹೆಚ್ಚು ಹೆಜ್ಜೆಗಳು ಬಯಲಲ್ಲೇ ಇವೆ. ನಡು ಮಧ್ಯಾಹ್ನ ಹೋದರೆ ಅರ್ಧ ಕಾಣಿಸುವುದೇ ಇಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಪ್ರತಿ ಬೆರಳಿನ ಗುಣಿಯಲ್ಲೂ ನೆರಳು ನಿಂತು ಸಾಲು ಎದ್ದು ಕಾಣುತ್ತದೆ. ಹೆಚ್ಚಿನ ಸಾಲುಗಳು ಒಂದೇ ದಿಕ್ಕಿಗಿರುವುದರಿಂದ ಇವು ಹಿಂಡಾಗಿ ನಡೆದಿರಬೇಕೆಂದು ಆಸ್ಟ್ರಮ್ 1972ರಲ್ಲಿ ಬರೆದರು. ಆದರೆ ದಂಡೆಗುಂಟ ದಾರಿಯಿದ್ದರೆ ಒಂಟೊಂಟಿಯಾಗಿ ಬಂದವೂ ಅದೇ ದಿಕ್ಕು ಹಿಡಿದಾವು. ಎರಡು ವಾದಗಳನ್ನೂ ಮಕ್ಕಳ ಮುಂದಿಟ್ಟು ಅವರನ್ನೇ ಜಗಳಕ್ಕೆ ಬಿಡಬಹುದು. ಕೈಯಲ್ಲೊಂದು ಅಳತೆ ಟೇಪು ಇದ್ದರೆ ಕೆಲಸ ಇನ್ನೂ ಬೆಳೆಯುತ್ತದೆ. ಹೆಜ್ಜೆಯ ಉದ್ದದ ನಾಲ್ಕರಷ್ಟು ಸೊಂಟದ ಎತ್ತರವೆಂಬುದು ಬ್ರಿಟಿಷ್ ವಿಜ್ಞಾನಿ ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಕೊಟ್ಟ ಲೆಕ್ಕ: 35 ಸೆಂ.ಮೀ. ಹೆಜ್ಜೆಗೆ 140 ಸೆಂ.ಮೀ., ಅಂದರೆ ಹತ್ತು ವರ್ಷದ ಮಗುವಿನ ತಲೆಯ ಹತ್ತಿರಹತ್ತಿರ. ಒಂದೇ ಕಾಲಿನ ಎರಡು ಹೆಜ್ಜೆಗಳ ಅಂತರ ಆ ಎತ್ತರದ ಎರಡರಷ್ಟಕ್ಕಿಂತ ಕಡಿಮೆಯಿದ್ದರೆ ಪ್ರಾಣಿ ನಡೆಯುತ್ತಿತ್ತು, ಓಡುತ್ತಿರಲಿಲ್ಲ.

ಹೋಲಿಯೋಕ್‌ನಲ್ಲಿ ಹೆಜ್ಜೆಗಳನ್ನು ಕೆದಕುವಂತಿಲ್ಲ, ಕಲ್ಲು ಒಯ್ಯುವಂತಿಲ್ಲ. ಅಚ್ಚು ತೆಗೆಯುವ ಆಸೆಯಿದ್ದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರಾಕಿ ಹಿಲ್‌ನಲ್ಲಿ ಅದಕ್ಕೆಂದೇ ಬಿಟ್ಟ ಕಲ್ಲುಗಳಿವೆ. ಸುಮಾರು ನಾಲ್ಕೂವರೆ ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್, ಸ್ವಲ್ಪ ಅಡುಗೆ ಎಣ್ಣೆ, ಬಕೆಟ್ಟು, ಒರೆಸಲು ಹಳೆಬಟ್ಟೆ ಇವನ್ನು ಮನೆಯಿಂದಲೇ ತರಬೇಕು. ಎಣ್ಣೆ ಸವರದೆ ಪ್ಲಾಸ್ಟರ್ ಸುರಿದರೆ ಅಚ್ಚು ಕಲ್ಲಿಗೆ ಕಚ್ಚಿಕೊಂಡು ಮೇಲೇಳುವುದಿಲ್ಲ.