ಬೇಸ್ ಗಿಟಾರ್: ಬಿಡಿಭಾಗಕ್ಕೆ ಮುನ್ನ ಹದ, ಧ್ವನಿಗೆ ಮುನ್ನ ಅರ್ಥಿಂಗ್

ಗಣೇಶೋತ್ಸವ, ಊರಹಬ್ಬ, ಕನ್ನಡ ರಾಜ್ಯೋತ್ಸವಗಳ ವಾದ್ಯಗೋಷ್ಠಿಗಳಲ್ಲಿ ಪ್ರೇಕ್ಷಕರ ಗಮನವೆಲ್ಲ ಗಾಯಕರ ಮೇಲಿರುತ್ತದೆ. ಹಾಡಿಗೆ ತಳಪಾಯ ಹಾಕಿಕೊಡುವ ಬೇಸ್ ಗಿಟಾರ್ ವಾದಕ ವೇದಿಕೆಯ ಹಿಂಬದಿಯಲ್ಲಿ, ಡ್ರಮ್ಸ್ ಪಕ್ಕದಲ್ಲಿ ನಿಂತಿರುತ್ತಾನೆ. ಆತ ನುಡಿಸುವುದನ್ನು ನಿಲ್ಲಿಸಿದಾಗ ಮಾತ್ರ ಏನೋ ಕೊರತೆಯಾಯಿತೆಂಬುದು ಕೇಳುಗರ ಅರಿವಿಗೆ ಬರುತ್ತದೆ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜಾ ನೀಡಿದ ಸಂಗೀತವನ್ನು ಇಂದಿಗೂ ನೆನೆಯುವವರು ಆ ಹಾಡುಗಳ ಕೆಳಸ್ಥಾಯಿಯ ನಡೆಯನ್ನೊಮ್ಮೆ ಗಮನಿಸಿದರೆ ಈ ವಾದ್ಯದ ಬೆಲೆ ತಿಳಿಯುತ್ತದೆ. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್, ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಅವರ ವಾದನ ಬೆಂಗಳೂರಿನ ತಂಡಗಳ ಮೂಲಕ ಈ ವಾದ್ಯವನ್ನು ಹೊಸ ತಲೆಮಾರಿಗೆ ಪರಿಚಯಿಸಿತು.

ಕಲ್ಪತರು ನಾಡೆನಿಸಿದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಈ ವಾದ್ಯವನ್ನು ಹವ್ಯಾಸಕ್ಕಾಗಿ ಹಿಡಿಯುವ ಯುವಕರಿಗೆ ಎದುರಾಗುವ ತೊಡಕು ಬೇರೆಯದು. ಗಿಟಾರ್ ದುರಸ್ತಿಯ ಪರಿಣತರು ಹೆಚ್ಚಾಗಿ ಮಹಾನಗರಗಳಲ್ಲಿದ್ದಾರೆ. ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿ.ಮೀ. ಕಡಿಮೆ ಬೆಲೆಯ ವಾದ್ಯ ಕೊಂಡು, ತಂತಿ ಒತ್ತಲಾಗದೆ ಬೆರಳು ನೋಯಿಸಿಕೊಂಡು, ‘ವಾದ್ಯವೇ ಸರಿಯಿಲ್ಲ’ ಎಂದು ಕೈಬಿಡುವವರಿದ್ದಾರೆ. ಇಲ್ಲವೇ, ದುಬಾರಿ ಪಿಕಪ್ ತರಿಸಿ ಹಾಕಿ ನಿರಾಶರಾಗುವವರಿದ್ದಾರೆ. ಈ ದೂರುಗಳಲ್ಲಿ ಬಹುಪಾಲು ದೋಷದವಲ್ಲ, ಹೊಂದಾಣಿಕೆಯವು. ಒಂದು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಒಂದು ಸಂಜೆಯ ತಾಳ್ಮೆ ಇದ್ದರೆ ಅವನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು.

ಬಿಚ್ಚಿ ಜೋಡಿಸಲೆಂದೇ ರೂಪುಗೊಂಡ ವಾದ್ಯ

ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಮೂಲತಃ ರೇಡಿಯೋ ದುರಸ್ತಿಗಾರ. ಸ್ವತಃ ಗಿಟಾರ್ ನುಡಿಸಲು ಬಾರದವರು. ಅವರು 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ಜಾಝ್ ಬೇಸ್ ಮಾರುಕಟ್ಟೆಗೆ ತಂದರು. ಇಂದು ದೊರೆಯುವ ಅಗ್ಗದ ಬೇಸ್‌ಗಳಲ್ಲಿ ಹೆಚ್ಚಿನವು ಇವೆರಡರ ಮಾದರಿಗಳೇ. ನೆಕ್ ಅನ್ನು ಒಡಲಿಗೆ ಅಂಟಿಸದೆ ಸ್ಕ್ರೂಗಳಿಂದ ಬಿಗಿಯುವುದು, ತಂತಿಯ ಎತ್ತರವನ್ನೂ ಉದ್ದವನ್ನೂ ಬ್ರಿಡ್ಜ್ ಬಳಿ ತಿರುಪಿನಿಂದಲೇ ಬದಲಿಸಲು ಬರುವುದು ಈ ವಿನ್ಯಾಸದ ಹೆಚ್ಚುಗಾರಿಕೆ.

ನಾಲ್ಕು ತಂತಿಗಳ ಸಾಮಾನ್ಯ ಬೇಸ್‌ನ ಶ್ರುತಿ ಇ, ಎ, ಡಿ, ಜಿ. ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ತೆಳ್ಳನೆಯ ಜಿ ತಂತಿ ಸುಮಾರು 98 ಬಾರಿ ಕಂಪಿಸುತ್ತವೆ. ಗಿಟಾರ್‌ನ ಇದೇ ಹೆಸರಿನ ದಪ್ಪ ತಂತಿಗಳಿಗಿಂತ ಇವು ಒಂದು ಸ್ಥಾಯಿ ಕೆಳಗಿವೆ. ನುಡಿಯುವ ತಂತಿಯ ಉದ್ದ ಬಹುತೇಕ ಮಾದರಿಗಳಲ್ಲಿ 34 ಅಂಗುಲ, ಅಂದರೆ ಸುಮಾರು 864 ಮಿ.ಮೀ. ನಾಲ್ಕೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ನೆಕ್ ಮೇಲೆ ಬೀಳುವ ಎಳೆತ ಒಬ್ಬ ದೃಢಕಾಯ ವ್ಯಕ್ತಿಯ ತೂಕಕ್ಕೆ ಸಮ. ಮರ ಈ ಎಳೆತಕ್ಕೆ ಬಾಗುತ್ತದೆ. ಅದನ್ನು ಎದುರಿಸಲು ನೆಕ್ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ.

ಹದಗೊಳಿಸುವ ನಾಲ್ಕು ಹಂತ

ಹೊಂದಾಣಿಕೆಗೆ ಒಂದು ಕ್ರಮವಿದೆ. ಮೊದಲ ಹಂತ ತಪ್ಪಿದರೆ ಮುಂದಿನವು ವ್ಯರ್ಥ. ಬಳಸಬೇಕೆಂದಿರುವ ತಂತಿಗಳನ್ನೇ ಹಾಕಿ, ಶ್ರುತಿ ಮಾಡಿಕೊಂಡೇ ಕೆಲಸ ಆರಂಭಿಸಬೇಕು.

ಒಂದು, ನೆಕ್‌ನ ಬಾಗು. ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲೂ ಒಡಲಿಗೆ ಸೇರುವೆಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಎಂಟನೆಯ ಫ್ರೆಟ್ ಮೇಲೆ ಉಳಿಯುವ ಸಂದನ್ನು ಅಳೆಯಬೇಕು. ಸುಮಾರು 0.3ರಿಂದ 0.35 ಮಿ.ಮೀ. ಇದ್ದರೆ ಸರಿ. ಇದನ್ನು ಅಳೆಯಲು ಬೇಕಾದ ಫೀಲರ್ ಗೇಜ್ ಸಂಗೀತದ ಅಂಗಡಿಯಲ್ಲೇ ಸಿಗಬೇಕೆಂದಿಲ್ಲ. ಬೈಕ್ ಎಂಜಿನ್‌ನ ಟ್ಯಾಪೆಟ್ ಸಂದು ನೋಡಲು ಗ್ಯಾರೇಜಿನವರು ಬಳಸುವುದು ಇದನ್ನೇ. ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ನಟ್ಟನ್ನು ಬಿಗಿ ಮಾಡಬೇಕು, ಕಡಿಮೆಯಿದ್ದರೆ ಸಡಿಲಿಸಬೇಕು. ಒಮ್ಮೆಗೆ ಎಂಟನೆಯ ಒಂದು ಸುತ್ತಿನಿಂದ ಕಾಲು ಸುತ್ತಿನವರೆಗೆ ಮಾತ್ರ ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಅಳೆದು ನೋಡಬೇಕು. ನಟ್ಟು ತಿರುಗದೆ ಹಟ ಹಿಡಿದರೆ ಬಲ ಪ್ರಯೋಗ ಸಲ್ಲದು. ಮುರಿದ ಟ್ರಸ್ ರಾಡ್‌ನ ದುರಸ್ತಿ ವೆಚ್ಚ ಅಗ್ಗದ ವಾದ್ಯದ ಬೆಲೆಯನ್ನೇ ಮೀರಬಹುದು.

ಎರಡು, ತಂತಿಯ ಎತ್ತರ. ಹದಿನೇಳನೆಯ ಫ್ರೆಟ್ ಬಳಿ ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ 2ರಿಂದ 2.4 ಮಿ.ಮೀ. ಇರುವುದು ರೂಢಿ. ಇದಕ್ಕಿಂತ ತಗ್ಗಿದರೆ ತಂತಿ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಹೆಚ್ಚಿದರೆ ಬೆರಳು ಸೋಲುತ್ತದೆ. ರಭಸದಿಂದ ಮೀಟುವವರು ತುಸು ಎತ್ತರವನ್ನೇ ಇಟ್ಟುಕೊಳ್ಳುವುದು ಲೇಸು.

ಮೂರು, ಸ್ವರಸ್ಥಾನದ ಶುದ್ಧಿ. ವೀಣೆಯಲ್ಲಿ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರಸ್ಥಾನ ತಪ್ಪಿದಾಗ ಮೇಳ ಕಟ್ಟುವವರು ಮೆಟ್ಟಿಲುಗಳನ್ನೇ ಸರಿಸಿ ಕೂರಿಸುತ್ತಾರೆ. ಗಿಟಾರ್‌ನ ಫ್ರೆಟ್ ಸರಿಯದು. ಆದ್ದರಿಂದ ಬ್ರಿಡ್ಜ್ ಕಡೆಯಿಂದ ತಂತಿಯ ಉದ್ದವನ್ನೇ ಬದಲಿಸಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಬರೀ ಮುಟ್ಟಿ ಹೊರಡಿಸುವ ಹಾರ್ಮೋನಿಕ್ ನಾದವನ್ನೂ ಅದೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ನಾದವನ್ನೂ ಮೊಬೈಲ್‌ನ ಟ್ಯೂನರ್‌ನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್ ಕಡೆಗೆ ಸರಿಸಬೇಕು.

ನಾಲ್ಕು, ಪಿಕಪ್‌ನ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೂ ಪಿಕಪ್‌ಗೂ ಸುಮಾರು 3 ಮಿ.ಮೀ., ತೆಳು ತಂತಿಗೆ ಸುಮಾರು 2.5 ಮಿ.ಮೀ. ಅಂತರ ಆರಂಭಕ್ಕೆ ಸಾಕು. ಪಿಕಪ್ ಅತಿ ಹತ್ತಿರವಾದರೆ ಅಯಸ್ಕಾಂತದ ಸೆಳೆತಕ್ಕೆ ತಂತಿಯ ಕಂಪನ ಕೆಟ್ಟು ಸ್ವರ ಹೊಯ್ದಾಡುತ್ತದೆ. ಒಂದು ತಂತಿ ಜೋರು, ಮತ್ತೊಂದು ಮೆತ್ತಗೆ ಕೇಳುವ ದೂರಿಗೂ ಮೊದಲ ಪರಿಹಾರ ಇಲ್ಲಿಯೇ ಇದೆ.

ಹವೆಯ ಕಾಟ, ಎಣ್ಣೆಯ ಮೋಹ

ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ ಉಂಡೆ ಕೊಬ್ಬರಿ ಮಾಡುವ ಸೀಮೆಯವರಿಗೆ ತೇವ ಮತ್ತು ಒಣಹವೆಯ ಪರಿಣಾಮವನ್ನು ವಿವರಿಸಬೇಕಿಲ್ಲ. ಮರದ ನೆಕ್ ಕೂಡ ಹಾಗೆಯೇ. ಮಳೆಗಾಲದಲ್ಲಿ ತೇವ ಹೀರಿ ಸಾಮಾನ್ಯವಾಗಿ ಬಾಗು ಹೆಚ್ಚುತ್ತದೆ. ಬೇಸಿಗೆಯಲ್ಲಿ ಒಣಗಿ ನೆಕ್ ನೆಟ್ಟಗಾಗುತ್ತದೆ. ಕೆಲವೊಮ್ಮೆ ಮರ ಕುಗ್ಗಿ ಫ್ರೆಟ್‌ಗಳ ತುದಿ ಹೊರಚಾಚಿ ಕೈಗೆ ತಗಲುತ್ತವೆ. ವರ್ಷಕ್ಕೆ ಎರಡು ಬಾರಿ, ಅಂದರೆ ಮಳೆ ಹಿಡಿದ ಮೇಲೊಮ್ಮೆ, ಬೇಸಿಗೆಯ ಮೊದಲೊಮ್ಮೆ ಬಾಗನ್ನು ಅಳೆದು ನೋಡುವುದು ಒಳ್ಳೆಯದು. ಶೀಟ್ ಹೊದಿಸಿದ ಕೋಣೆಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ವಾದ್ಯವನ್ನು ಬಿಡಬಾರದು.

ಒಣಗಿದಂತೆ ಕಾಣುವ ರೋಸ್‌ವುಡ್ ಫಲಕಕ್ಕೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸವರುವ ಆಸೆ ಈ ಭಾಗದಲ್ಲಿ ಸಹಜ. ಆದರೆ ಅದು ಆರಿ ಗಟ್ಟಿಯಾಗುವ ಜಾತಿಯ ಎಣ್ಣೆಯಲ್ಲ. ಮೇಲ್ಮೈಯಲ್ಲೇ ಉಳಿದು ಧೂಳು ಹಿಡಿಯುತ್ತದೆ, ಕಾಲಕ್ರಮೇಣ ಕಮಟುತ್ತದೆ. ಫಲಕಕ್ಕೆಂದೇ ಮಾರುವ ಎಣ್ಣೆಯನ್ನು ವರ್ಷಕ್ಕೊಮ್ಮೆ ತೆಳುವಾಗಿ ಸವರಿ ಒರೆಸಿದರೆ ಸಾಕು. ಮೇಪಲ್ ಮರದ, ಮೆರುಗು ಬಳಿದ ಫಲಕಕ್ಕೆ ಯಾವ ಎಣ್ಣೆಯೂ ಬೇಡ.

ತಂತಿಯ ಆಯ್ಕೆಯೂ ಮುಖ್ಯ. ಉರುಟು ಸುತ್ತಿನ ರೌಂಡ್‌ವೂಂಡ್ ತಂತಿ ಉಜ್ವಲವಾಗಿ ನುಡಿಯುತ್ತದೆ. ನುಣುಪಾದ ಫ್ಲ್ಯಾಟ್‌ವೂಂಡ್ ಹಳೆಯ ಚಿತ್ರಗೀತೆಗಳ ದುಂಡನೆಯ ನಾದ ಕೊಡುತ್ತದೆ. ಮಂಕಾದ ರೌಂಡ್‌ವೂಂಡ್ ತಂತಿಗಳನ್ನು ಬಿಚ್ಚಿ ಕೆಲ ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒರೆಸಿ ಒಣಗಿಸಿದರೆ ಹೊಳಪು ಸ್ವಲ್ಪ ದಿನಗಳ ಮಟ್ಟಿಗೆ ಮರಳುತ್ತದೆ. ತಂತಿಯ ದಪ್ಪ ಬದಲಾದರೆ ನಾಲ್ಕೂ ಹಂತಗಳನ್ನು ಮತ್ತೆ ಮಾಡಬೇಕಾಗುತ್ತದೆ.

ವಿದ್ಯುತ್ ಭಾಗದ ಮಾರ್ಪಾಟು

ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಮಾತ್ರ ಒಳಭಾಗಕ್ಕೆ ಕೈಹಾಕಬೇಕು. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ನ ಒಳಗಿರುವುದು ಪಿಕಪ್, ವಾಲ್ಯೂಮ್ ಮತ್ತು ಟೋನ್ ನಿಯಂತ್ರಕಗಳು, ಒಂದು ಕೆಪಾಸಿಟರ್, ಒಂದು ಜ್ಯಾಕ್. ಫೆಂಡರ್ ಮಾದರಿಗಳಲ್ಲಿ ನಿಯಂತ್ರಕಗಳು ಸಾಮಾನ್ಯವಾಗಿ 250 ಕಿಲೋ ಓಮ್, ಕೆಪಾಸಿಟರ್ 0.047 ಮೈಕ್ರೋಫ್ಯಾರಡ್. ಇಂಥ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದೊರೆಯುತ್ತದೆ. ಬೆಸುಗೆ ಬಾರದವರಿಗೆ ಊರಿನ ಟಿ.ವಿ., ಮೊಬೈಲ್ ರಿಪೇರಿಯವರೇ ನೆರವಾಗಬಲ್ಲರು.

ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿ ನೋಡಬೇಕು. ಹೊಸದು ಹಾಕುವ ಮಾತು ನಂತರದ್ದು. ಗುಂಯ್‌ಗುಡುವ ಸದ್ದು ಹೆಚ್ಚಿದ್ದರೆ ಒಳಗಿನ ಕುಳಿಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡ್ ತಂತಿಗೆ ಬೆಸೆಯುವುದು ಅಗ್ಗದ ಮತ್ತು ಫಲಕಾರಿ ಮಾರ್ಪಾಟು. ಪಿಕಪ್ ಬದಲಾವಣೆ ಕೊನೆಯದು. ಬಿಚ್ಚುವ ಮೊದಲು ತಂತಿಗಳ ಜೋಡಣೆಯ ಚಿತ್ರ ತೆಗೆದುಕೊಳ್ಳುವುದು, ಒಮ್ಮೆಗೆ ಒಂದನ್ನೇ ಬದಲಿಸುವುದು, ಹಳೆಯ ಭಾಗವನ್ನು ಎಸೆಯದಿರುವುದು, ಈ ಮೂರು ನಿಯಮ ಪಾಲಿಸಿದರೆ ಹಿಂದಿರುಗುವ ದಾರಿ ಇರುತ್ತದೆ. 9 ವೋಲ್ಟ್ ಬ್ಯಾಟರಿಯ ಆಕ್ಟಿವ್ ಬೇಸ್ ಹೊಂದಿರುವವರು ನುಡಿಸಿದ ಬಳಿಕ ಕೇಬಲ್ ತೆಗೆದಿಡಬೇಕು. ಕೇಬಲ್ ಚುಚ್ಚಿರುವವರೆಗೂ ಬ್ಯಾಟರಿ ಕರಗುತ್ತಿರುತ್ತದೆ.

ಆಂಪ್ಲಿಫೈಯರ್ ವಿಷಯದಲ್ಲೂ ಎಚ್ಚರ ಬೇಕು. ಗಿಟಾರ್‌ಗೆಂದು ಮಾಡಿದ ಪುಟ್ಟ ಆಂಪ್‌ನಲ್ಲಿ ಬೇಸ್ ಅನ್ನು ಮೆಲ್ಲಗೆ ನುಡಿಸಬಹುದು. ಜೋರಾಗಿ ನುಡಿಸಿದರೆ ಸ್ಪೀಕರ್‌ನ ಕೋನ್ ಹರಿಯುವ ಸಂಭವವಿದೆ. ತಲಾ 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಆಂಪ್‌ನ ಹಿಂಬದಿ ನಮೂದಿಸಿರುವ ಕನಿಷ್ಠ ಮಿತಿಗಿಂತ ಕೆಳಗಿಳಿದರೆ ಆಂಪ್ ಸುಟ್ಟೀತು.

ಅರ್ಥಿಂಗ್: ಜೀವದ ಪ್ರಶ್ನೆ

ಮನೆಗೆ ಬರುವ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಇ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಹೀಗಾಗಿ ವಿದ್ಯುತ್ತಿನ ಗುಂಜಾರವ ಬೇಸ್‌ನ ಸ್ವರವಲಯದೊಳಗೇ ಬಂದು ಕೂರುತ್ತದೆ. ಟೋನ್ ಇಳಿಸಿದರೆ ಹೋಗದು. ಇದನ್ನು ಅಡಗಿಸಲು ಪ್ಲಗ್‌ನ ಮೂರನೆಯ ಪಿನ್ ಕಿತ್ತುಹಾಕುವ ಅಥವಾ ಎರಡು ಪಿನ್‌ನ ಜೋಡಣೆ ಬಳಸುವ ಅಭ್ಯಾಸ ಅತ್ಯಂತ ಅಪಾಯಕಾರಿ.

ಕಾರಣ ಸರಳ. ಬೇಸ್‌ನ ಲೋಹದ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಮೈಕ್‌ನ ಲೋಹದ ಜಾಲರಿ ಧ್ವನಿವರ್ಧಕ ವ್ಯವಸ್ಥೆಯ ಗ್ರೌಂಡ್‌ಗೆ ಸೇರಿರುತ್ತದೆ. ಇವೆರಡರಲ್ಲಿ ಒಂದು ಕೆಟ್ಟಿದ್ದು, ವಾದಕ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ವಿದ್ಯುತ್ ಆತನ ದೇಹದ ಮೂಲಕವೇ ಹರಿಯುತ್ತದೆ. ಸ್ಕಾಟ್ಲೆಂಡಿನ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಮೃತಪಟ್ಟರು.

ಕಾರ್ಯಕ್ರಮಕ್ಕೆ ಮುನ್ನ ಮಲ್ಟಿಮೀಟರ್ ಅನ್ನು ಎ.ಸಿ. ವೋಲ್ಟ್‌ಗೆ ಇರಿಸಿ, ಒಂದು ಕಡ್ಡಿಯನ್ನು ಮೈಕ್ ಜಾಲರಿಗೂ ಇನ್ನೊಂದನ್ನು ಬೇಸ್ ತಂತಿಗೂ ತಾಗಿಸಿ ನೋಡಬೇಕು. ಸೊನ್ನೆಯ ಆಸುಪಾಸು ಇರಬೇಕು. ಕೆಲವು ವೋಲ್ಟ್ ಮೀರಿದರೂ ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ನುಡಿಸಬಾರದು. ವೇದಿಕೆಯ ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡ್‌ನಿಂದ ಸಂಪರ್ಕ ಕೊಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸುವುದು ಸುರಕ್ಷಿತ. ಜನರೇಟರ್ ಬಳಸುವಾಗಲೂ ಅರ್ಥಿಂಗ್ ಕಡ್ಡಾಯ. ಗುಂಜಾರವ ತಪ್ಪಿಸಲು ಡಿ.ಐ. ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಧ್ವನಿಯ ಕೇಬಲ್‌ನ ಗ್ರೌಂಡ್ ಅನ್ನಷ್ಟೇ ಬಿಡಿಸುತ್ತದೆ, ವಿದ್ಯುತ್ ಪ್ಲಗ್‌ನ ಅರ್ಥಿಂಗ್ ಉಳಿದಿರುತ್ತದೆ. ತೋಟದ ಪಂಪ್‌ಸೆಟ್‌ಗೆ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಮಾಡಿಸುವ ರೈತಾಪಿ ಮನೆಗಳಲ್ಲಿ ಮಗ ನುಡಿಸುವ ಆಂಪ್‌ಗೂ ಅಷ್ಟೇ ಕಾಳಜಿ ಸಲ್ಲಬೇಕು.

ಪರಿಣತರ ಬಳಿ ಯಾವಾಗ?

ಫ್ರೆಟ್‌ಗಳು ಗುಳಿಬಿದ್ದಿದ್ದರೆ, ನೆಕ್ ತಿರುಚಿಕೊಂಡಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಟ್ರಸ್ ರಾಡ್ ಪೂರ್ತಿ ಬಿಗಿದರೂ ಬಾಗು ತಗ್ಗದಿದ್ದರೆ ಮನೆಯ ಪ್ರಯೋಗ ನಿಲ್ಲಿಸಿ ಬೆಂಗಳೂರಿನ ದಾರಿ ಹಿಡಿಯುವುದೇ ಸರಿ. ಹೋಗುವಾಗ ಬಾಗು, ತಂತಿಯ ಎತ್ತರ, ತಂತಿಯ ದಪ್ಪ, ಬದಲಿಸಿದ ಭಾಗಗಳನ್ನು ದಿನಾಂಕದೊಂದಿಗೆ ಬರೆದಿಟ್ಟ ಪುಸ್ತಕ ಜೊತೆಗಿದ್ದರೆ ದುರಸ್ತಿಗಾರನಿಗೆ ದೋಷ ಹುಡುಕುವ ಕೆಲಸ ಹಗುರಾಗುತ್ತದೆ, ಹವ್ಯಾಸಿಯ ಹಣವೂ ಉಳಿಯುತ್ತದೆ.